ಡಚ್ ಕಲಿಯಲು ಈಗಷ್ಟೇ ಕುಳಿತವರಿಗೆ ನೆದರ್ಲೆಂಡ್ಸಿನ ನೆಲವನ್ನೂ ಜನರನ್ನೂ ಪರಿಚಯಿಸುವುದು ಹೇಗೆ?

ಐಂಡ್‌ಹೋವನ್ ಮೇಷ್ಟ್ರು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಕೆಲವು ವರ್ಷಗಳಿಂದ ಐಂಡ್‌ಹೋವನ್‌ನಲ್ಲಿದ್ದೇನೆ. ಇಲ್ಲಿಯ ಕನ್ನಡ ಕುಟುಂಬಗಳ ಕೆಲವರಿಗೆ ಶನಿವಾರ ಬೆಳಿಗ್ಗೆ ಡಚ್ ಹೇಳಿಕೊಡಲು ಒಪ್ಪಿಕೊಂಡಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಗಂಡನ ಅಥವಾ ಹೆಂಡತಿಯ ಕೆಲಸದ ನಿಮಿತ್ತ ಬಂದು ನೆಲೆಸಿದವರು. ಮಗಳ ಮನೆಗೆ ಬಂದಿರುವ ನಿವೃತ್ತ ಸಮಾಜ ಶಿಕ್ಷಕರೊಬ್ಬರೂ ಇದ್ದಾರೆ. ಅವರು ಎಲ್ಲದಕ್ಕೂ ನಕ್ಷೆ ಕೇಳುತ್ತಾರೆ.

ವ್ಯಾಕರಣವನ್ನು ಹೇಗೋ ನಿಭಾಯಿಸುತ್ತೇನೆ. ತೊಡಕು ಇರುವುದು ‘ದೇಶ ಮತ್ತು ಜನ’ ಎಂಬ ಭಾಗದಲ್ಲಿ. ನನ್ನ ಕೈಯಲ್ಲಿರುವ ಪುಸ್ತಕದ ಆ ಪುಟದಲ್ಲಿ ಗಾಳಿಯಂತ್ರ, ಟ್ಯುಲಿಪ್, ಗಿಣ್ಣಿನ ಚಕ್ರ, ಮರದ ಪಾದರಕ್ಷೆ, ಅದರ ಕೆಳಗೆ ಹನ್ನೆರಡು ಪ್ರಾಂತ್ಯಗಳ ಪಟ್ಟಿ. ಓದಿ ಮುಗಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಚಿತ್ರಗಳನ್ನೆಲ್ಲ ಅವರು ಈಗಾಗಲೇ ಅಂಗಡಿಗಳಲ್ಲಿ ನೋಡಿದ್ದಾರೆ.

ಎಲ್ಲಿಂದ ಆರಂಭಿಸಬೇಕು? ಇನ್ನೂರು ಪದ ಮಾತ್ರ ಗೊತ್ತಿರುವವರಿಗೆ ಚರಿತ್ರೆ ಹೇಳುವುದು ಸಾಧ್ಯವೇ? ನಡುವೆ ಕನ್ನಡದಲ್ಲಿ ವಿವರಿಸಿದರೆ ತಪ್ಪೇ? ಪಾಠ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಕುಮಟಾ ಕಡೆಯವಳು ಉತ್ತರಿಸಿದ್ದಾರೆ:

ಮೇಷ್ಟ್ರೇ, ಪ್ರಾಂತ್ಯಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ. ಮೊದಲ ಪಾಠಕ್ಕೆ ನಾಲ್ಕು ಪದ ಸಾಕು: ನೀರು, ನೆಲ, ಎತ್ತರ, ತಗ್ಗು. ಡಚ್ಚಿನಲ್ಲಿ ವಾಟರ್, ಲಾಂಟ್, ಹೋಖ್, ಲಾಖ್. ಈ ನಾಲ್ಕು ಪದಗಳಿಂದ ಅರ್ಧ ದೇಶವನ್ನು ವಿವರಿಸಬಹುದು. ನಾನು ಡೊರ್ಡ್ರೆಕ್ಟ್ ಊರಿನ ಗ್ರಂಥಾಲಯದ ಭಾಷಾ ಕೂಟದಲ್ಲಿ ಹೊಸಬರೊಂದಿಗೆ ಕೂರುತ್ತೇನೆ. ಸಿರಿಯಾದವರು, ಎರಿಟ್ರಿಯಾದವರು, ಉಕ್ರೇನಿನವರು, ನಮ್ಮ ದೇಶದವರು ಎಲ್ಲರೂ ಬರುತ್ತಾರೆ. ಅವರೆಲ್ಲರೊಂದಿಗೆ ನಾನು ಆರಂಭಿಸುವುದು ಇಲ್ಲಿಂದಲೇ.

ನಿಮ್ಮ ತರಗತಿಯ ಎಲ್ಲರೂ ಕಾಲಿಟ್ಟಿರುವ ಒಂದು ಜಾಗ ಸ್ಖಿಪೋಲ್ ವಿಮಾನ ನಿಲ್ದಾಣ. ನೀವು ಇಳಿದ ಜಾಗ ಎತ್ತರವೋ ತಗ್ಗೋ ಎಂದು ಕೇಳಿ. ಅದು ಸಮುದ್ರ ಮಟ್ಟಕ್ಕಿಂತ ಕೆಲವು ಮೀಟರ್ ಕೆಳಗಿದೆ, ಏಕೆಂದರೆ ಅಲ್ಲಿ ಹಿಂದೆ ಹಾರ್ಲೆಮ್ಮರ್‌ಮೇರ್ ಎಂಬ ಸರೋವರವಿತ್ತು. ಬಿರುಗಾಳಿ ಎದ್ದಾಗಲೆಲ್ಲ ಅದು ದಡವನ್ನು ಕೊರೆದು ಬೆಳೆಯುತ್ತಾ ಬಂದಿತು. 1836ರ ಬಿರುಗಾಳಿಗಳಲ್ಲಿ ಅದರ ನೀರು ಆಮ್‌ಸ್ಟರ್‌ಡ್ಯಾಮ್ ಮತ್ತು ಲೈಡನ್ ನಗರಗಳ ಬಾಗಿಲಿಗೆ ಬಂದ ಮೇಲೆ ಸರ್ಕಾರ ಅದನ್ನು ಬರಿದು ಮಾಡಲು ತೀರ್ಮಾನಿಸಿತು. ಸುತ್ತಲೂ ಒಡ್ಡು ಕಟ್ಟಿ, ಕಾಲುವೆ ತೋಡಿ, ಉಗಿಯಿಂದ ನಡೆಯುವ ಮೂರು ಪಂಪ್ ಕೇಂದ್ರಗಳಿಂದ ನೀರೆತ್ತಿ 1852ರ ಹೊತ್ತಿಗೆ ತಳವನ್ನು ಒಣಗಿಸಿದರು. ಆ ಮೂರರಲ್ಲಿ ಒಂದಾದ ಕ್ರೂಕಿಯಸ್ ಇಂದು ವಸ್ತುಸಂಗ್ರಹಾಲಯ. ಮಕ್ಕಳಿರುವ ಕುಟುಂಬಗಳನ್ನು ಕರೆದುಕೊಂಡು ಹೋಗಲು ಬಹಳ ಒಳ್ಳೆಯ ಜಾಗ. ತಾನು ಸೂಟ್‌ಕೇಸ್ ಎಳೆದುಕೊಂಡು ನಡೆದದ್ದು ಸರೋವರದ ತಳದಲ್ಲಿ ಎಂದು ತಿಳಿದ ಮೇಲೆ ಪ್ರಶ್ನೆ ಕೇಳದೆ ಸುಮ್ಮನೆ ಕುಳಿತವರನ್ನು ನಾನು ನೋಡಿಲ್ಲ.

ಆಮೇಲೆ ಹಲಗೆಯ ಮೇಲೆ ದೇಶವನ್ನು ಅಡ್ಡಲಾಗಿ ಕೊಯ್ದು ತೋರಿಸಿ. ಎಡಗಡೆ ಸಮುದ್ರ, ಮಧ್ಯೆ ಒಡ್ಡು, ಬಲಗಡೆ ಸಮುದ್ರಕ್ಕಿಂತ ತಗ್ಗಿನಲ್ಲಿ ಹೊಲ, ಮನೆ, ಹಸು. ಒಡ್ಡಿಗೆ ಡಚ್ಚರು ಡೈಕ್ ಎನ್ನುತ್ತಾರೆ, ಒಡ್ಡಿನೊಳಗಿನ ನೆಲಕ್ಕೆ ಪೋಲ್ಡರ್. ಹಾಸನದ ಮನಸ್ಸಿಗೆ ಇದು ತಕ್ಷಣ ಹತ್ತದಿರಬಹುದು. ಆದರೆ ನಿಮ್ಮಲ್ಲಿ ಕರಾವಳಿಯ ಒಬ್ಬರಾದರೂ ಇದ್ದರೆ ಅವರಿಂದಲೇ ಹೇಳಿಸಿ. ನಾನು ಅಘನಾಶಿನಿ ಅಳಿವೆಯ ಪಕ್ಕದಲ್ಲಿ ಬೆಳೆದವಳು. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆಯಲು ಊರವರೆಲ್ಲ ಸೇರಿ ಮಣ್ಣಿನ ಒಡ್ಡು ಹಾಕುತ್ತಾರೆ, ಮಳೆಗಾಲದ ಸಿಹಿನೀರು ಬಂದಾಗ ಕಗ್ಗ ಭತ್ತ ಬಿತ್ತುತ್ತಾರೆ, ಇಳಿತದ ಹೊತ್ತಿಗೆ ಒಡ್ಡಿನ ಬಾಗಿಲು ತೆರೆದು ಒಳಗಿನ ನೀರನ್ನು ಹೊರಗೆ ಬಿಡುತ್ತಾರೆ. ಒಂದು ಕಡೆ ಒಡ್ಡು ಒಡೆದರೆ ಎಲ್ಲರ ಗದ್ದೆಯೂ ಹಾಳು. ಆದ್ದರಿಂದ ಪಕ್ಕದವನ ಜೊತೆ ಮಾತು ಬಿಟ್ಟವನೂ ಒಡ್ಡಿನ ಕೆಲಸಕ್ಕೆ ಬರಲೇಬೇಕು. ಪೋಲ್ಡರಿನ ಬೀಜ ಇದೇ. ವ್ಯತ್ಯಾಸವನ್ನೂ ಹೇಳಿಬಿಡಿ: ಗಜನಿಯಲ್ಲಿ ಇಳಿತ ಬಂದಾಗ ನೀರು ತಾನಾಗಿ ಹರಿದುಹೋಗುತ್ತದೆ. ಆಳದ ಪೋಲ್ಡರಿನಲ್ಲಿ ನೆಲವೇ ಹೊರಗಿನ ನೀರಿಗಿಂತ ಕೆಳಗಿರುವುದರಿಂದ ಪ್ರತಿ ಹನಿಯನ್ನೂ ಮೇಲಕ್ಕೆ ಎತ್ತಬೇಕು.

ನೆಲ ಅಷ್ಟು ತಗ್ಗಿಗೆ ಹೋದದ್ದು ಹೇಗೆ ಎಂದು ನಿಮ್ಮ ಸಮಾಜ ಶಿಕ್ಷಕರು ಖಂಡಿತ ಕೇಳುತ್ತಾರೆ. ಪಶ್ಚಿಮ ಭಾಗದ ಬಹುಪಾಲು ನೆಲ ಜೌಗು ಸಸ್ಯಗಳು ಸಾವಿರಾರು ವರ್ಷ ಕೊಳೆತು ಉಂಟಾದ ಪೀಟ್ ಮಣ್ಣು. ಮಧ್ಯಯುಗದ ರೈತರು ಅದರಲ್ಲಿ ಕಾಲುವೆ ತೋಡಿ ನೀರು ಬಸಿದರು. ಒಣಗಿದ ಪೀಟ್ ಗಾಳಿಗೆ ತೆರೆದುಕೊಂಡು ಕರಗಿತು, ಕುಗ್ಗಿತು, ನೆಲ ಕುಸಿಯಿತು. ಕುಸಿದ ನೆಲಕ್ಕೆ ನೀರು ಬಂತು, ಮತ್ತೆ ಬಸಿದರು, ಮತ್ತೆ ಕುಸಿಯಿತು. ತಾನಾಗಿ ಹರಿಯುವುದು ನಿಂತ ಮೇಲೆ ನೀರೆತ್ತಲು ಗಾಳಿಯಂತ್ರ ಬಂತು. ಗಾಳಿಯಂತ್ರದ ಚಿತ್ರವನ್ನು ಈಗ ತೆಗೆಯಿರಿ. ಕಿಂಡರ್‌ಡೈಕ್‌ನಲ್ಲಿ ಸಾಲಾಗಿ ನಿಂತಿರುವ 19 ಯಂತ್ರಗಳಲ್ಲಿ ಹೆಚ್ಚಿನವು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದವು, ಎಲ್ಲವೂ 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, ಮತ್ತು ಅವು ಅಲ್ಲಿ ನಿಂತದ್ದು ನೀರೆತ್ತುವುದಕ್ಕೆ. ಚಿತ್ರ ಹಳೆಯದೇ. ಆದರೆ ಕಾರಣ ತಿಳಿದವರು ಅದನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಈ ವಿವರಣೆಯನ್ನು ಕನ್ನಡದಲ್ಲಿಯೇ ಮಾಡಿ, ಯಾವ ತಪ್ಪೂ ಇಲ್ಲ. ಬುದ್ಧಿ ಬಲಿತವರಿಗೆ ಮಗುವಿನ ಮಾತಿನಲ್ಲಿ ಮಾತ್ರ ಭೂಗೋಳ ಹೇಳಿದರೆ ಅವರಿಗೆ ಅವಮಾನವಾಗುತ್ತದೆ. ವಿಚಾರ ಕನ್ನಡದಲ್ಲಿ ಹೋಗಲಿ, ಅದರಿಂದ ಹೊರಡುವ ವಾಕ್ಯ ಡಚ್ಚಿನಲ್ಲಿರಲಿ. ‘ಹೆಟ್ ವಾಟರ್ ಇಸ್ ಹೋಖ್, ಹೆಟ್ ಲಾಂಟ್ ಇಸ್ ಲಾಖ್’: ನೀರು ಎತ್ತರದಲ್ಲಿದೆ, ನೆಲ ತಗ್ಗಿನಲ್ಲಿದೆ. ಇಷ್ಟನ್ನು ಹೇಳಬಲ್ಲವರು ದೇಶದ ಮೊದಲ ಸತ್ಯವನ್ನು ಆ ದೇಶದ ಮಾತಿನಲ್ಲಿ ಹೇಳಿದಂತಾಯಿತು.

ಎರಡನೆಯ ಪಾಠಕ್ಕೆ ‘ಇತ್ತು’ ಮತ್ತು ‘ಇದೆ’. ಭೂತಕಾಲವನ್ನು ಕಲಿಸಲು ನೆದರ್ಲೆಂಡ್ಸಿನಷ್ಟು ಅನುಕೂಲವಾದ ದೇಶ ಇನ್ನೊಂದಿಲ್ಲ. 1930ರ ಸುಮಾರಿನ ನಕ್ಷೆ ಒಂದು, ಇಂದಿನ ನಕ್ಷೆ ಒಂದು ಪಕ್ಕಪಕ್ಕ ಇಡಿ. ಹಳೆಯದರಲ್ಲಿ ದೇಶದ ಎದೆಯೊಳಗೆ ಜ಼ೌಡರ್‌ಜ಼ೇ ಎಂಬ ಕಡಲಿದೆ. ಕಾರ್ನೆಲಿಸ್ ಲೇಲಿ ಎಂಬ ಎಂಜಿನಿಯರ್ ಅದರ ಬಾಯಿಯನ್ನು ಮುಚ್ಚುವ ಯೋಜನೆ ಹಾಕಿ, ಮಂತ್ರಿಯಾಗಿದ್ದಾಗ 1918ರಲ್ಲಿ ಅದನ್ನು ಕಾನೂನಾಗಿಸಿದರು. 1932ರಲ್ಲಿ 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಮುಗಿಯಿತು. ಕಡಲು ಸಿಹಿನೀರಿನ ಸರೋವರವಾಯಿತು. ಅದರೊಳಗೆ ಪೋಲ್ಡರುಗಳನ್ನು ಒಂದೊಂದಾಗಿ ಒಣಗಿಸಿದರು, ಮತ್ತು 1986ರ ಜನವರಿ 1ರಂದು ಫ್ಲೇವೊಲಾಂಡ್ ಹನ್ನೆರಡನೆಯ ಪ್ರಾಂತ್ಯವಾಯಿತು. ಅದರ ರಾಜಧಾನಿಗೆ ಲೇಲಿಸ್ಟಾಡ್ ಎಂದು ಹೆಸರಿಟ್ಟರು. ಲೇಲಿ ತೀರಿಕೊಂಡದ್ದು 1929ರಲ್ಲಿ, ಒಡ್ಡು ಮುಗಿದದ್ದನ್ನು ಅವರು ನೋಡಲಿಲ್ಲ. ಪಕ್ಕದ ಆಲ್ಮೇರೆಯಲ್ಲಿ ಇಂದು ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಅದರ ಮೊದಲ ಮನೆಗಳಲ್ಲಿ ಜನ ವಾಸಕ್ಕೆ ಬಂದದ್ದು 1976ರಲ್ಲಿ. ಸ್ಖೋಕ್ಲಾಂಡ್ ಎಂಬ ದ್ವೀಪವನ್ನು ಮಾತ್ರ ಮರೆಯಬೇಡಿ. ಅಲೆಗಳು ಕೊರೆದು ಬಾಳಲಾಗದಂತಾಗಿ 1859ರಲ್ಲಿ ಅದರ ಜನರನ್ನು ತೆರವು ಮಾಡಿಸಲಾಯಿತು. ಇಂದು ಅದು ಹೊಲಗಳ ನಡುವೆ ತುಸು ಎತ್ತರಕ್ಕೆ ಇರುವ ನೆಲ, ಹಳೆಯ ಬಂದರಿನ ಕಂಬಗಳ ಸುತ್ತ ಹುಲ್ಲು. ವಾಕ್ಯ ಇಷ್ಟೇ: ‘ಫ್ರೂಖರ್ ವಾಸ್ ಹೀರ್ ಜ಼ೇ, ನ್ಯೂ ಇಸ್ ಹೀರ್ ಲಾಂಟ್.’ ಹಿಂದೆ ಇಲ್ಲಿ ಕಡಲಿತ್ತು, ಈಗ ಇಲ್ಲಿ ನೆಲವಿದೆ.

ಕಷ್ಟದ ಚರಿತ್ರೆಯನ್ನು ಕಡಿಮೆ ಪದಗಳಲ್ಲಿ ಹೇಳಬಹುದೇ ಎಂದು ಕೇಳಿದ್ದೀರಿ. ಹೇಳಬಹುದು, ಹೇಳಲೇಬೇಕು. 1953ರ ಜನವರಿ 31ರ ಶನಿವಾರ ರಾತ್ರಿ ವಾಯವ್ಯದ ಬಿರುಗಾಳಿಯೂ ಹುಣ್ಣಿಮೆಯ ಭರತವೂ ಒಟ್ಟಿಗೆ ಬಂದು ಜ಼ೇಲಾಂಡ್ ಮತ್ತು ಸುತ್ತಲಿನ ದ್ವೀಪಗಳ ಒಡ್ಡುಗಳನ್ನು ಒಡೆದವು. ರಾತ್ರಿ ರೇಡಿಯೋ ಪ್ರಸಾರ ಇರಲಿಲ್ಲ, ಎಚ್ಚರಿಕೆ ಹಳ್ಳಿಗಳನ್ನು ತಲುಪಲಿಲ್ಲ. ನೆದರ್ಲೆಂಡ್ಸಿನಲ್ಲಿ 1,836 ಜನ ಸತ್ತರು. ಇದನ್ನು ನಾನು ವರ್ತಮಾನ ಕಾಲದ ನಾಲ್ಕು ವಾಕ್ಯಗಳಲ್ಲಿ ಹೇಳುತ್ತೇನೆ: ‘ಹೆಟ್ ಇಸ್ ನಾಖ್ಟ್. ಡೆ ಮೆನ್ಸನ್ ಸ್ಲಾಪನ್. ಡೆ ಡೈಕ್ ಬ್ರೇಕ್ಟ್. ಹೆಟ್ ವಾಟರ್ ಕೋಮ್ಟ್.’ ರಾತ್ರಿ, ಜನ ಮಲಗಿದ್ದಾರೆ, ಒಡ್ಡು ಒಡೆಯುತ್ತದೆ, ನೀರು ಬರುತ್ತದೆ. ಎಲ್ಲವೂ ಮೊದಲ ತಿಂಗಳಲ್ಲೇ ಬರುವ ಕ್ರಿಯಾಪದಗಳು. ನಮ್ಮ ಕೂಟದಲ್ಲಿ ಇದನ್ನು ಓದಿದಾಗ ಯುದ್ಧದಿಂದ ತಪ್ಪಿಸಿಕೊಂಡು ಬಂದ ಹೆಂಗಸೊಬ್ಬರು ಅದೇ ನಾಲ್ಕು ವಾಕ್ಯಗಳ ಅಳತೆಯಲ್ಲಿ ತಮ್ಮ ಊರಿನ ರಾತ್ರಿಯನ್ನು ಡಚ್ಚಿನಲ್ಲಿ ಹೇಳಿದರು. ಪದ ಕಡಿಮೆ ಇದ್ದರೆ ಅನುಭವವೂ ಕಡಿಮೆ ಇರಬೇಕೆಂದೇನೂ ಇಲ್ಲ.

ಅಲ್ಲಿಂದ, ಆ ಪ್ರವಾಹದ ನಂತರ ಅಲ್ಲಿಯ ಅಳಿವೆಗಳಲ್ಲಿ ಕಟ್ಟಿದ ಒಡ್ಡು ಮತ್ತು ತಡೆಗಳಾದ ಡೆಲ್ಟಾ ಕಾಮಗಾರಿಗಳಿಗೆ ದಾಟಬಹುದು. ಅದರಲ್ಲಿ ಓಸ್ಟರ್‌ಸ್ಖೆಲ್ಡೆಯ ತಡೆ ನನಗೆ ಅತ್ಯಂತ ಪ್ರಿಯವಾದದ್ದು. ಅಳಿವೆಯ ಬಾಯಿಯನ್ನು ಪೂರ್ತಿ ಮುಚ್ಚಬೇಕೆಂಬುದು ಮೊದಲ ಯೋಜನೆಯಾಗಿತ್ತು. ಸಿಂಪಿ ಮತ್ತು ಮರುವಾಯಿ ಹಿಡಿಯುವವರು, ಪರಿಸರದವರು ಪ್ರತಿಭಟಿಸಿದ್ದರಿಂದ ಯೋಜನೆ ಬದಲಾಯಿತು. 1986ರಲ್ಲಿ ತೆರೆದ ಅದರಲ್ಲಿ 62 ಉಕ್ಕಿನ ಬಾಗಿಲುಗಳಿವೆ, ಅವನ್ನು ಬಿರುಗಾಳಿಯ ಹೊತ್ತಿನಲ್ಲಿ ಮಾತ್ರ ಇಳಿಸುತ್ತಾರೆ. ಭರತ ಇಳಿತ ಎಂದಿನಂತೆ ನಡೆಯುತ್ತದೆ, ಸಿಂಪಿಗಳೂ ಬದುಕಿವೆ. ಅಳಿವೆಯ ಬದಿಯವರಿಗೆ ಈ ಜಗಳ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಂಸ್ಕೃತಿ. ದಯವಿಟ್ಟು ಅದನ್ನು ಬೇರೆ ಅಧ್ಯಾಯ ಮಾಡಬೇಡಿ. ನಿಮ್ಮ ವಿದ್ಯಾರ್ಥಿಗಳ ಮನೆಗೆ ಬರುವ ಅಂಚೆಯನ್ನೇ ಪಾಠಕ್ಕೆ ತರಿಸಿ. ಅದರಲ್ಲಿ ವಾಟರ್‌ಸ್ಖಾಪ್ ಕಳುಹಿಸಿದ ತೆರಿಗೆ ಪತ್ರ ಇದ್ದೇ ಇರುತ್ತದೆ. ನೀರಿನ ಮಟ್ಟ, ಒಡ್ಡು, ಕೊಳಚೆ ನೀರಿನ ಶುದ್ಧೀಕರಣ ನೋಡಿಕೊಳ್ಳುವ ಇಂಥ 21 ಮಂಡಳಿಗಳಿವೆ. ಇವುಗಳ ಪೂರ್ವಜರು ಹದಿಮೂರನೆಯ ಶತಮಾನದಷ್ಟು ಹಳಬರು, ಇಂದಿನ ಸರ್ಕಾರಕ್ಕಿಂತ ಎಷ್ಟೋ ಹಿರಿಯರು. ನಾಲ್ಕು ವರ್ಷಕ್ಕೊಮ್ಮೆ ಇವಕ್ಕೆ ಪ್ರತ್ಯೇಕ ಚುನಾವಣೆ ನಡೆಯುತ್ತದೆ, ಇಲ್ಲಿಯ ಪೌರತ್ವ ಇಲ್ಲದಿದ್ದರೂ ಕಾನೂನುಬದ್ಧವಾಗಿ ನೆಲೆಸಿರುವ ವಯಸ್ಕರು ಅದರಲ್ಲಿ ಮತ ಹಾಕಬಹುದು. ನಮ್ಮವರಲ್ಲಿ ಅನೇಕರು ಮತದಾನಕ್ಕೆಂದು ಬರುವ ಪತ್ರವನ್ನು ಜಾಹೀರಾತು ಎಂದುಕೊಂಡು ಕಸಕ್ಕೆ ಹಾಕುವುದನ್ನು ಕಂಡು ನನಗೆ ಬೇಸರವಾಗುತ್ತದೆ. ವಿಳಾಸ, ದಿನಾಂಕ, ಹಣದ ಮೊತ್ತ, ಕೊನೆಯ ದಿನ: ಆರಂಭದ ಪಾಠಕ್ಕೆ ಬೇಕಾದ ಎಲ್ಲವೂ ಆ ಒಂದು ತೆರಿಗೆ ಪತ್ರದಲ್ಲಿದೆ.

ಜನರ ನಡವಳಿಕೆಗೆ ಹುಟ್ಟುಹಬ್ಬದಿಂದ ಆರಂಭಿಸಿ. ಕುರ್ಚಿಗಳನ್ನು ವೃತ್ತವಾಗಿ ಹಾಕಿ. ಒಳಗೆ ಬಂದವರು ಹುಟ್ಟುಹಬ್ಬದವರಿಗೆ ಮಾತ್ರ ಶುಭಾಶಯ ಹೇಳಿ ಕೂರುವ ಹಾಗಿಲ್ಲ. ಅವರ ತಾಯಿ, ಗಂಡ, ತಮ್ಮ, ಅತ್ತೆ ಪ್ರತಿಯೊಬ್ಬರಿಗೂ ಕೈಕುಲುಕಿ ‘ಖೆಫೆಲಿಸಿಟೇರ್ಟ್’ ಎನ್ನಬೇಕು: ನಿಮ್ಮ ಮಗಳ ಹುಟ್ಟುಹಬ್ಬಕ್ಕೆ ಅಭಿನಂದನೆ, ನಿಮ್ಮ ಅಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ. ಹೀಗೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಸಂಬಂಧವಾಚಕಗಳೆಲ್ಲ ಬಾಯಿಗೆ ಬಂದಿರುತ್ತವೆ. ಬಹಳ ಮನೆಗಳಲ್ಲಿ ಶೌಚಾಲಯದ ಗೋಡೆಗೆ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುತ್ತದೆ, ವಾರದ ದಿನಗಳಿಲ್ಲದೆ ತಾರೀಖು ಮಾತ್ರ ಇರುವುದರಿಂದ ವರ್ಷ ಕಳೆದರೂ ಬದಲಿಸಬೇಕಾಗಿಲ್ಲ. ಅಂಥದ್ದೊಂದನ್ನು ತರಗತಿಯಲ್ಲಿ ತೂಗುಹಾಕಿ, ತಿಂಗಳ ಹೆಸರುಗಳನ್ನು ಅದರಿಂದಲೇ ಕಲಿಸಿ. ಮನೆಗೆ ಹೋಗುವ ಮೊದಲು ಸಮಯ ಕೇಳಿಕೊಳ್ಳುವುದು, ಡೈರಿ ತೆರೆದು ಮೂರು ವಾರದಾಚೆಯ ದಿನ ಗೊತ್ತುಮಾಡುವುದು ಇವೂ ಹಾಗೆಯೇ ಮಾತಿನ ಅಭ್ಯಾಸವಾಗಿ ಬರಲಿ. ಅದರಲ್ಲಿ ತಣ್ಣನೆಯ ಮನಸ್ಸನ್ನು ಕಾಣುವ ನಮ್ಮವರಿಗೆ ಒಂದು ಮಾತು ಹೇಳುತ್ತೇನೆ: ಹಾಗೆ ಗೊತ್ತುಮಾಡಿದ ದಿನ ಆ ಜನ ನಿಮಗಾಗಿ ಪೂರ್ತಿ ಬಿಡುವು ಮಾಡಿಕೊಂಡು ಕಾಯುತ್ತಾರೆ.

ಲೇವಾರ್ಡನ್ ನಿವಾಸಿ ಉತ್ತರಿಸಿದ್ದಾರೆ:

ಮೇಲಿನ ಉತ್ತರವನ್ನು ಮೆಚ್ಚಿ ಓದಿದೆ. ಆದರೆ ಅಕ್ಕಾ, ನಿಮ್ಮ ನೆದರ್ಲೆಂಡ್ಸ್ ಪಶ್ಚಿಮಕ್ಕೇ ಸ್ವಲ್ಪ ಹೆಚ್ಚು ವಾಲಿದೆ. ನಾನು ಉತ್ತರದ ಫ್ರೀಸ್‌ಲಾಂಡ್‌ನಲ್ಲಿ ಇರುವುದರಿಂದ ಇಷ್ಟನ್ನು ಸೇರಿಸಲೇಬೇಕು.

ಒಡ್ಡುಗಳು ಬರುವುದಕ್ಕೆ ನೂರಾರು ವರ್ಷ ಮೊದಲು ಇಲ್ಲಿಯ ಜನ ಮಣ್ಣು, ಸಗಣಿ, ಕಸ ಪೇರಿಸಿ ದಿಬ್ಬ ಮಾಡಿ ಅದರ ಮೇಲೆ ಬದುಕಿದರು. ಹೋಖೆಬೇಂಟುಮ್ ಎಂಬ ಹಳ್ಳಿಯಲ್ಲಿ ಅಂಥ ದಿಬ್ಬಗಳಲ್ಲೇ ಅತಿ ಎತ್ತರದ್ದು ಇದೆ, ಅದರ ನೆತ್ತಿಯ ಮೇಲೆ ಇಗರ್ಜಿ. ನೀರನ್ನು ತಡೆಯುವ ಕಥೆಗಿಂತ ನೀರಿನ ಮೇಲೆ ಎದ್ದು ನಿಲ್ಲುವ ಕಥೆ ಹಳೆಯದು. ‘ಹೋಖ್’ ಪದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಿಕ್ಕಿಲ್ಲ.

ಎರಡನೆಯದು, ಈ ದೇಶದಲ್ಲಿ ಒಂದೇ ಭಾಷೆ ಇಲ್ಲ ಎಂಬುದನ್ನು ಮೊದಲೇ ಹೇಳಿ. ಫ್ರೀಸ್‌ಲಾಂಡ್‌ನಲ್ಲಿ ಫ್ರಿಸಿಯನ್ ಕೂಡ ಆಡಳಿತ ಭಾಷೆ, ಊರಿನ ಫಲಕಗಳಲ್ಲಿ ಎರಡು ಹೆಸರು. ಲೇವಾರ್ಡನ್‌ಗೆ ಲ್ಯೌವರ್ಟ್ ಎನ್ನುತ್ತಾರೆ. ಮನೆಯಲ್ಲಿ ತುಳು, ಕೊಡವ ಅಥವಾ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಓದಿದವರು ನಿಮ್ಮ ತರಗತಿಯಲ್ಲಿದ್ದರೆ, ಇಲ್ಲಿಯ ಜನರ ಅಭಿಮಾನ ಅವರಿಗೆ ಒಂದೇ ಮಾತಿಗೆ ಅರ್ಥವಾಗುತ್ತದೆ. ‘ಹಾಲೆಂಡ್’ ಎಂದು ದೇಶವನ್ನು ಕರೆಯುವ ರೂಢಿಯನ್ನೂ ತಿದ್ದಿ. ಅದು ಪಶ್ಚಿಮದ ಎರಡು ಪ್ರಾಂತ್ಯಗಳ ಹೆಸರು, ಇಲ್ಲಿಯವರ ಮುಂದೆ ಹಾಗೆಂದರೆ ಮುಖ ಬಿಗಿಯಾಗುತ್ತದೆ.

ಚಳಿಗಾಲದ ಪಾಠಕ್ಕೆ ಹನ್ನೊಂದು ಊರುಗಳ ಸ್ಕೇಟಿಂಗ್ ಓಟ ಇದೆ, ಎಲ್ಫ್‌ಸ್ಟೇಡನ್‌ಟೋಖ್ಟ್. ಹೆಪ್ಪುಗಟ್ಟಿದ ಕಾಲುವೆ, ಸರೋವರಗಳ ಮೇಲೆ ಸುಮಾರು 200 ಕಿಲೋಮೀಟರ್. ಕೊನೆಯ ಬಾರಿ ನಡೆದದ್ದು 1997ರ ಜನವರಿ 4ರಂದು. ಆಮೇಲೆ ಮಂಜುಗಡ್ಡೆ ಅಷ್ಟು ದಪ್ಪಕ್ಕೆ ಕಟ್ಟಿಲ್ಲ. ಈಗ ಮೂವತ್ತು ದಾಟಿರದ ನನ್ನ ಸಹೋದ್ಯೋಗಿಗಳಿಗೆ ಅದರ ನೆನಪೇ ಇಲ್ಲ. ಆದರೂ ಡಿಸೆಂಬರಿನಲ್ಲಿ ನಾಲ್ಕು ದಿನ ಚಳಿ ಹಿಡಿದರೆ ಕಚೇರಿಯಲ್ಲಿ ಮಾತು ಅಲ್ಲಿಗೇ ಹೋಗುತ್ತದೆ. ಹವಾಮಾನದ ಪದಗಳನ್ನು ಕಲಿಸಲು ಇದನ್ನು ಬಳಸಿ, ಕಲಿತವರು ಮರುದಿನವೇ ಅವನ್ನು ಆಡಬಲ್ಲರು.

ಪಕ್ಕದ ಗ್ರೋನಿಂಗನ್‌ನ ಸಂಗತಿಯೂ ಬರಲಿ. 1959ರಲ್ಲಿ ಸ್ಲೋಖ್ಟರನ್ ಬಳಿ ಬಹುದೊಡ್ಡ ನೈಸರ್ಗಿಕ ಅನಿಲ ನಿಕ್ಷೇಪ ಸಿಕ್ಕಿತು. ದೇಶದ ಅಡುಗೆಮನೆಗಳೆಲ್ಲ ಅದರಿಂದ ಬೆಚ್ಚಗಾದವು. ಅನಿಲ ತೆಗೆದಂತೆ ನೆಲ ನಡುಗಲಾರಂಭಿಸಿತು, 2012ರಲ್ಲಿ ಹೌಜ಼ಿಂಗೆಯಲ್ಲಿ 3.6 ತೀವ್ರತೆಯ ಕಂಪನವಾಯಿತು, ಸಾವಿರಾರು ಮನೆಗಳು ಬಿರುಕು ಬಿಟ್ಟವು. 2024ರಲ್ಲಿ ಆ ಅನಿಲ ಕ್ಷೇತ್ರವನ್ನು ಮುಚ್ಚಿದರು. ಈ ದೇಶದ ಎಂಜಿನಿಯರಿಂಗನ್ನು ಹೊಗಳುವ ಪಾಠದಲ್ಲಿ ಅದರ ಬೆಲೆ ತೆತ್ತವರ ಊರೂ ನಕ್ಷೆಯ ಮೇಲೆ ಇರಬೇಕು ಎಂದು ನನ್ನ ಅಭಿಪ್ರಾಯ.

ಮೈಸೂರಿನ ವಿದ್ಯಾರ್ಥಿನಿ ಉತ್ತರಿಸಿದ್ದಾರೆ:

ನಾನು ಕಲಿಯುವವಳ ಜಾಗದಿಂದ ಹೇಳುತ್ತೇನೆ. ಮದುವೆಯಾದ ಮೇಲೆ ಅಲ್ಲಿಗೆ ಹೋಗಲು ನನಗೆ ರಾಯಭಾರ ಕಚೇರಿಯ ಮೂಲ ಪರೀಕ್ಷೆ ಬರೆಯಬೇಕಾಗಿದೆ. ಅದರಲ್ಲಿ ಓದುವುದು, ಮಾತನಾಡುವುದು, ಅಲ್ಲಿಯ ಸಮಾಜದ ಪರಿಚಯ ಎಂದು ಮೂರು ಭಾಗ. ಮೂರನೆಯ ಭಾಗಕ್ಕೆ ಚಿತ್ರಗಳಿವೆ, ಉತ್ತರಗಳನ್ನು ಉರುಹೊಡೆದರೆ ಸಾಕು ಎಂದು ಎಲ್ಲರೂ ಹೇಳಿದರು. ಉರುಹೊಡೆಯುವುದು ನನಗೆ ಆಗುವುದಿಲ್ಲ. ಏಕೆ ಎಂದು ತಿಳಿದರೆ ಮಾತ್ರ ತಲೆಯಲ್ಲಿ ನಿಲ್ಲುತ್ತದೆ. ಪೀಟ್ ಮಣ್ಣು ಕುಸಿದ ಕಥೆ ಓದಿದ ಮೇಲೆ ನನಗೆ ನಿಜವಾಗಿಯೂ ಖುಷಿಯಾಯಿತು.

ಮೇಷ್ಟ್ರಲ್ಲಿ ಒಂದು ಕೋರಿಕೆ. ಮೊದಲ ದಿನವೇ ನೆದರ್ಲೆಂಡ್ಸನ್ನು ಕರ್ನಾಟಕದ ಜೊತೆ ಒಂದೇ ಅಳತೆಯಲ್ಲಿ ತೋರಿಸಿ. ಕರ್ನಾಟಕ 1,91,791 ಚದರ ಕಿಲೋಮೀಟರ್, ಆ ದೇಶ ನೀರೂ ಸೇರಿ ಸುಮಾರು 41,500. ನಮ್ಮ ರಾಜ್ಯದ ಕಾಲು ಭಾಗಕ್ಕಿಂತ ಚಿಕ್ಕದು, ಆದರೂ ಅಲ್ಲಿ ಒಂದು ಕೋಟಿ ಎಂಬತ್ತು ಲಕ್ಷ ಜನರಿದ್ದಾರೆ. ಇದನ್ನು ತಿಳಿದ ಮೇಲೆಯೇ ರೈಲಿನಲ್ಲಿ ಎರಡು ಗಂಟೆ ಎಂದರೆ ಅವರಿಗೆ ಬಹಳ ದೂರ ಏಕೆ ಎಂಬುದು ನನಗೆ ಅರ್ಥವಾಯಿತು.

ಕುಮಟಾ ಅಕ್ಕನಿಗೆ ಒಂದು ಪ್ರಶ್ನೆ. ಡಚ್ ಆಡುವ ಬೇರೆ ದೇಶಗಳ ವಿಷಯ ಹೇಳಬೇಕೇ, ಅಥವಾ ಆರಂಭದಲ್ಲಿ ಅದು ಭಾರವಾಗುತ್ತದೆಯೇ?

ಐಂಡ್‌ಹೋವನ್ ಮೇಷ್ಟ್ರು ಬರೆದಿದ್ದಾರೆ:

ಎಲ್ಲರಿಗೂ ಧನ್ಯವಾದಗಳು. ಮುಂದಿನ ಶನಿವಾರ ಸ್ಖಿಪೋಲ್‌ನಿಂದಲೇ ಆರಂಭಿಸುತ್ತೇನೆ. ತೆರಿಗೆ ಪತ್ರ ತರಲು ಈಗಾಗಲೇ ಹೇಳಿದ್ದೇನೆ. ಒಂದೇ ಒಂದು ಅನುಮಾನ ಉಳಿದಿದೆ. ಐಂಡ್‌ಹೋವನ್ ಇರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 17 ಮೀಟರ್ ಮೇಲೆ. ಇಲ್ಲಿಗೆ ನೀರು ಬರುವುದಿಲ್ಲವಲ್ಲ, ನಮಗೇಕೆ ಇದೆಲ್ಲ ಎಂದು ಯಾರಾದರೂ ಕೇಳಿದರೆ?

ಕುಮಟಾ ಕಡೆಯವಳು ಉತ್ತರಿಸಿದ್ದಾರೆ:

ಲೇವಾರ್ಡನ್‌ನವರ ಮಾತನ್ನು ಒಪ್ಪುತ್ತೇನೆ. ದಿಬ್ಬದ ಚಿತ್ರವನ್ನು ನನ್ನ ಮೊದಲ ಪಾಠಕ್ಕೇ ಸೇರಿಸಿಕೊಳ್ಳುತ್ತೇನೆ.

ಮೈಸೂರಿನ ತಂಗಿಗೆ: ಹೇಳಲೇಬೇಕು. ಬೆಲ್ಜಿಯಮ್ಮಿನ ಉತ್ತರ ಭಾಗವಾದ ಫ್ಲಾಂಡರ್ಸ್‌ನಲ್ಲಿ ಡಚ್ ಆಡುತ್ತಾರೆ, ಅದು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಸುರಿನಾಮಿನ ವಿಷಯ ಹಾಗಲ್ಲ. ದಕ್ಷಿಣ ಅಮೆರಿಕದ ಆ ದೇಶದ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಗುಲಾಮರಾಗಿ ದುಡಿಸಿಕೊಂಡರು. 1863ರ ಜುಲೈ 1ರಂದು ಗುಲಾಮಗಿರಿ ರದ್ದಾದರೂ ಮತ್ತೆ ಹತ್ತು ವರ್ಷ ಅವರು ಅದೇ ತೋಟಗಳಲ್ಲಿ ಕರಾರಿನ ಮೇಲೆ ದುಡಿಯಬೇಕಾಯಿತು. ಆ ಅವಧಿ ಮುಗಿದ 1873ರಲ್ಲಿಯೇ ‘ಲಾಲ್ಲಾ ರೂಕ್’ ಎಂಬ ಹಡಗು ಕಲ್ಕತ್ತೆಯಿಂದ ಕೂಲಿಕಾರರನ್ನು ಹೊತ್ತು ಅಲ್ಲಿಗೆ ಮುಟ್ಟಿತು. 1916ರವರೆಗೆ ಸುಮಾರು 34,000 ಭಾರತೀಯರು, ಹೆಚ್ಚಿನವರು ಇಂದಿನ ಬಿಹಾರ ಮತ್ತು ಉತ್ತರ ಪ್ರದೇಶದವರು, ಹಾಗೆ ಹೋದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ವಂಶದವರು ದೊಡ್ಡ ಸಂಖ್ಯೆಯಲ್ಲಿ ನೆದರ್ಲೆಂಡ್ಸಿಗೆ ಬಂದು, ಬಹಳ ಜನ ಹೇಗ್ ನಗರದಲ್ಲಿ ನೆಲೆಸಿದರು. ಹೇಗ್‌ನ ಉಪಾಹಾರ ಗೃಹದಲ್ಲಿ ರೊಟ್ಟಿ ಕೊಡುವ ಅಜ್ಜಿ ನಿಮ್ಮೊಂದಿಗೆ ಡಚ್ಚಿನಲ್ಲಿ ಮಾತನಾಡಿದಾಗ, ಆ ಭಾಷೆ ಅವರಿಗೆ ಹೇಗೆ ಬಂತು ಎಂದು ನಿಮಗೆ ಗೊತ್ತಿರಬೇಕು. ಪ್ರತಿ ಜುಲೈ 1ರಂದು ‘ಕೇಟಿ ಕೋಟಿ’ ಎಂಬ ಹೆಸರಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದನ್ನು ಆಚರಿಸುತ್ತಾರೆ. 2023ರಲ್ಲಿ ಅದೇ ದಿನ ದೊರೆ ವಿಲೆಮ್ ಅಲೆಕ್ಸಾಂಡರ್ ಬಹಿರಂಗವಾಗಿ ಕ್ಷಮೆ ಕೇಳಿದರು. ರಾಜನ ಹುಟ್ಟುಹಬ್ಬವಾದ ಏಪ್ರಿಲ್ 27ರ ಕಿತ್ತಳೆ ಬಣ್ಣದ ಸಂಭ್ರಮವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಿಮ್ಮ ಕ್ಯಾಲೆಂಡರಿನಲ್ಲಿ ಜುಲೈ 1 ಕೂಡ ಇರಲಿ, ಮೇ 4 ಕೂಡ ಇರಲಿ. ಮೇ 4ರ ರಾತ್ರಿ ಎಂಟು ಗಂಟೆಗೆ ಯುದ್ಧದಲ್ಲಿ ಸತ್ತವರಿಗಾಗಿ ಇಡೀ ದೇಶ ಎರಡು ನಿಮಿಷ ಮೌನವಾಗಿರುತ್ತದೆ. ತಿಳಿಯದವರು ಆ ಹೊತ್ತಿಗೆ ಅಂಗಳದಲ್ಲಿ ಜೋರಾಗಿ ಫೋನಿನಲ್ಲಿ ಮಾತನಾಡುತ್ತಿದ್ದರೆ ನೆರೆಯವರಿಗೆ ನೋವಾಗುತ್ತದೆ.

ಮೇಷ್ಟ್ರ ಅನುಮಾನಕ್ಕೆ: ದೇಶದ ಸುಮಾರು 26 ಶೇಕಡಾ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಆದರೆ ನೀರಿನ ಭಯ ಅಷ್ಟಕ್ಕೇ ನಿಲ್ಲುವುದಿಲ್ಲ. ರೈನ್ ಮತ್ತು ಮಾಸ್ ನದಿಗಳು ಹೊರಗಿನಿಂದ ಹರಿದು ಬರುತ್ತವೆ. ನಿಮ್ಮ ಆಗ್ನೇಯಕ್ಕಿರುವ ಲಿಂಬರ್ಗ್ ಪ್ರಾಂತ್ಯವನ್ನೇ ನೋಡಿ. ದೇಶದ ಯೂರೋಪಿನ ನೆಲದಲ್ಲಿ ಅತಿ ಎತ್ತರದ ಜಾಗ, 322 ಮೀಟರಿನ ವಾಲ್ಸರ್‌ಬರ್ಖ್, ಅಲ್ಲಿದೆ. 2021ರ ಜುಲೈಯಲ್ಲಿ ಕೆಟ್ಟ ಮಳೆ ಸುರಿದಾಗ ಅದೇ ಲಿಂಬರ್ಗ್‌ನ ವಾಲ್ಕೆನ್‌ಬರ್ಖ್ ಊರಿನ ಬೀದಿಗಳಲ್ಲಿ ಖ್ಯೂಲ್ ಎಂಬ ಚಿಕ್ಕ ನದಿ ನುಗ್ಗಿ ಹರಿಯಿತು.

ಇನ್ನು ತರಗತಿಯಲ್ಲಿ ಮಾಡಿಸಲು: ಇಡೀ ದೇಶದ ಎತ್ತರವನ್ನು ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನಕ್ಷೆ ಅಂತರಜಾಲದಲ್ಲಿ ಉಚಿತವಾಗಿ ಇದೆ, ‘ಆಕ್ಟುಏಲ್ ಹೋಖ್ಟೆಬೆಸ್ಟಾಂಟ್ ನೇಡರ್ಲಾಂಟ್’ ಎಂದು ಅದರ ಹೆಸರು. ಪ್ರತಿಯೊಬ್ಬರೂ ತಮ್ಮ ಮನೆಯ ಜಾಗವನ್ನು ಅದರಲ್ಲಿ ಹುಡುಕಲಿ. ನಾಲ್ಕು ಅಂಕಿ, ಎರಡು ಅಕ್ಷರದ ಪಿನ್‌ಕೋಡನ್ನು ಡಚ್ಚಿನಲ್ಲಿ ಓದಿ ಹೇಳಲಿ, ನಂತರ ‘ನನ್ನ ಮನೆ ಇಷ್ಟು ಮೀಟರ್ ಎತ್ತರದಲ್ಲಿದೆ’ ಎನ್ನಲಿ. ಆಲ್ಮೇರೆ ಅಥವಾ ರಾಟರ್‌ಡ್ಯಾಮ್‌ನಲ್ಲಿ ನೆಂಟರು, ಗೆಳೆಯರು ಇದ್ದರೆ ಅವರ ಮನೆಯನ್ನೂ ಹುಡುಕಿ ‘ಮೈನುಸ್’ ಸೇರಿಸಿ ಓದಲಿ. ನಿಮ್ಮ ಸಮಾಜ ಶಿಕ್ಷಕರಿಗೆ ಗಣಕಯಂತ್ರದ ಮುಂದಿನ ಕುರ್ಚಿ ಕೊಡಿ. ಪ್ರಾಂತ್ಯಗಳ ಪಟ್ಟಿಯನ್ನು ಅದಾದ ಮೇಲೆ ತೆರೆಯಿರಿ, ಆ ಹೊತ್ತಿಗೆ ಅದರಲ್ಲಿ ಐದಾರು ಹೆಸರುಗಳು ಅವರಿಗೆ ಗೊತ್ತಿರುತ್ತವೆ.